ನಿಮ್ಮ ಅಡ್ಡಹೆಸರು ಏನ್ರಿ?

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೊದಲ ವಾರ. ಪಿಜಿಯ ಊಟದ ಮೇಜಿನಲ್ಲಿ ಮಂಡ್ಯ ಕಡೆಯ ಹುಡುಗನೊಬ್ಬ ಪರಿಚಯ ಮಾಡಿಕೊಂಡ. ನಾನು ನಮ್ಮೂರ ರೂಢಿಯಂತೆ ಕೇಳಿದೆ: "ನಿಮ್ಮ ಅಡ್ಡಹೆಸರು ಏನ್ರಿ?"

ಅವನ ಮುಖ ಸಣ್ಣಗಾಯಿತು. ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, "ಸ್ಕೂಲಲ್ಲಿ ಬೋಂಡಾ ಅಂತಿದ್ರು. ಇಲ್ಲಿ ಯಾರಿಗೂ ಹೇಳ್ಬೇಡಿ ಗುರೂ" ಅಂದ.

ನಾನು ಕೇಳಿದ್ದು ಅವನ ಸರ್‌ನೇಮ್!

ನಮ್ಮ ವಿಜಯಪುರ, ಬಾಗಲಕೋಟೆ, ಧಾರವಾಡ ಕಡೆ ಅಡ್ಡಹೆಸರು ಅಂದರೆ ಮನೆತನದ ಹೆಸರು. ಆಧಾರ್ ಕಾರ್ಡಿನಲ್ಲಿ, ಲಗ್ನಪತ್ರಿಕೆಯಲ್ಲಿ ಹೆಮ್ಮೆಯಿಂದ ಬರೆಸೋ ಹೆಸರು. ಹಳೇ ಮೈಸೂರು ಕಡೆ ಅದೇ ಪದಕ್ಕೆ ಗೆಳೆಯರು ಚೇಷ್ಟೆಗೆ ಇಟ್ಟ ಹೆಸರು ಅಂತ ಅರ್ಥ. ಆವತ್ತು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಯೋಚನೆ ಮಾಡಿದರೆ ಎರಡು ಅರ್ಥಗಳೂ ಅಷ್ಟೇನೂ ದೂರ ಇಲ್ಲ ಅನ್ನಿಸಿತು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಉಪ್ಪಿನ, ಹುಣಸಿಮರದ... ಯಾವ ಕಾಲದಲ್ಲೋ ಊರವರು ಒಬ್ಬನ ವ್ಯಾಪಾರ ನೋಡಿಯೋ, ಅವನ ಮನೆ ಮುಂದಿನ ಗಿಡ ನೋಡಿಯೋ ಕರೆದ ಹೆಸರುಗಳೇ ಇವು ಇರಬೇಕು. ಕರೆದು ಕರೆದು ಮೊಮ್ಮಕ್ಕಳ ಕಾಲಕ್ಕೆ ಅದೇ ಮನೆತನದ ಹೆಸರಾಯಿತು.

ಈ ಬರಹ ಅಂಥ ಹೆಸರುಗಳ ಬಗ್ಗೆ, ಅದರಲ್ಲೂ ಆಟದ ಅಂಗಳದಲ್ಲಿ ಹುಟ್ಟೋ ಹೆಸರುಗಳ ಬಗ್ಗೆ. ಕಾರಣ ಇಷ್ಟೇ: ಶಾಲೆಯಲ್ಲಿದ್ದಾಗ ನಾನು ಒಬ್ಬನಿಗೆ ಒಂದು ಹೆಸರು ಇಟ್ಟಿದ್ದೆ. ಅದರ ಲೆಕ್ಕ ಹದಿನೈದು ವರ್ಷದ ಮೇಲೆ ಭೂತನಾಳ ಕೆರೆಯ ಏರಿ ಮೇಲೆ ನನ್ನ ಎದುರಿಗೆ ಬಂತು.

ಬಲೆ ಇಲ್ಲದ ರಿಂಗು, ಐದು ಹೆಸರು

ನಾವು ಐದು ಜನ. ಶಾಲೆಯ ಹಿಂದೆ ಬಿರುಕು ಬಿಟ್ಟ ಸಿಮೆಂಟಿನ ಬಾಸ್ಕೆಟ್‌ಬಾಲ್ ಕೋರ್ಟು, ಬಲೆ ಇಲ್ಲದ ಎರಡು ರಿಂಗು. ವಿಜಯಪುರದ ಬಿಸಿಲಿಗೆ ಮಧ್ಯಾಹ್ನ ಚೆಂಡು ಮುಟ್ಟಿದರೆ ಅಂಗೈ ಚುರ್ ಅನ್ನುತ್ತಿತ್ತು. ಅಮೆರಿಕದ ರಾತ್ರಿ ನಮ್ಮ ಬೆಳಗು. ಹಾಗಾಗಿ ಕೇಬಲ್ ಟಿವಿ ಇದ್ದವರ ಮನೆಯಲ್ಲಿ ಶಾಲೆಗೆ ಹೋಗೋ ಮುಂಚೆ ಎನ್‌ಬಿಎ ಪಂದ್ಯ ನೋಡಿ, ಸಂಜೆ ಅದನ್ನೇ ನಕಲು ಮಾಡೋದು ನಮ್ಮ ದಿನಚರಿ.

ಆಟ ಬರದಿದ್ದರೂ ಹೆಸರುಗಳು ಬಂದವು. ನಾನು ಎತ್ತರ, ಕುತ್ತಿಗೆ ಉದ್ದ. ಹಾಗಾಗಿ ಒಂಟಿ. ನಮ್ಮ ಕಡೆ ಒಂಟಿ ಅಂದರೆ ಒಂಟೆ. ನಿಧಾನ ಓಡುವವನು ಚಕ್ಕಡಿ. ಬಾಯಿ ಮುಚ್ಚದವನು ರೇಡಿಯೊ. ಕಂಡವರ ಹತ್ತಿರ ಸಾಲ ಕೇಳುವವನು ಹತ್ತು ರೂಪಾಯಿ. ಐದನೆಯವನು ನಮ್ಮಲ್ಲೇ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ. ಅವನ ಹೆಸರಿಗೆ ಆಮೇಲೆ ಬರುತ್ತೇನೆ.

ಅಮ್ಮನಿಗೆ ಇಷ್ಟವಾಗದ ‘ಮ್ಯಾಜಿಕ್’

ಬಾಸ್ಕೆಟ್‌ಬಾಲಿನಷ್ಟು ಬಣ್ಣಬಣ್ಣದ ಹೆಸರುಗಳು ಬೇರೆ ಆಟದಲ್ಲಿ ಸಿಗೋದು ಕಷ್ಟ. ಕೋರ್ಟು ಚಿಕ್ಕದು, ಆಡುವವರು ಐದೈದು ಜನ, ಪ್ರೇಕ್ಷಕರು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಬ್ಬೊಬ್ಬರ ನಡೆ, ನಗು, ಸಿಟ್ಟು ಎಲ್ಲಾ ಕಾಣುತ್ತದೆ. ಹೆಸರು ಇಡೋದಕ್ಕೆ ಬೇಕಾದ ಸಾಮಾನು ಕಣ್ಣ ಮುಂದೇ ಇರುತ್ತದೆ.

ಎರ್ವಿನ್ ಜಾನ್ಸನ್ ಅಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಮ್ಯಾಜಿಕ್ ಜಾನ್ಸನ್ ಅಂದರೆ ಗೊತ್ತು. ಮಿಷಿಗನ್ನಿನ ಲ್ಯಾನ್ಸಿಂಗ್ ಊರಿನ ಈ ಹುಡುಗ 15 ವರ್ಷದವನಿದ್ದಾಗ ಒಂದೇ ಪಂದ್ಯದಲ್ಲಿ 36 ಪಾಯಿಂಟ್, 18 ರಿಬೌಂಡ್, 16 ಅಸಿಸ್ಟ್ ಮಾಡಿದ. ಅದನ್ನು ನೋಡಿದ ಸ್ಥಳೀಯ ಪತ್ರಿಕೆಯ ವರದಿಗಾರ ಫ್ರೆಡ್ ಸ್ಟೇಬ್ಲಿ ಜೂನಿಯರ್ ಅವನನ್ನು ಮ್ಯಾಜಿಕ್ ಅಂತ ಕರೆದರು. ಹುಡುಗನ ತಾಯಿ ದೈವಭಕ್ತೆ. ಮಾಯೆ, ಮಾಟ ಅನ್ನೋ ಅರ್ಥದ ಹೆಸರು ಮಗನಿಗೆ ಅಂಟಿದ್ದು ಅವರಿಗೆ ಇಷ್ಟವಾಗಲಿಲ್ಲ. ಆದರೆ ಹೆಸರು ಒಮ್ಮೆ ಅಚ್ಚಾದ ಮೇಲೆ ಅಮ್ಮನ ಮಾತನ್ನೂ ಕೇಳೋದಿಲ್ಲ.

ಜೂಲಿಯಸ್ ಇರ್ವಿಂಗ್ ‘ಡಾಕ್ಟರ್ ಜೆ’ ಆದದ್ದು ಶಾಲೆಯ ಗೆಳೆಯನಿಂದ. ಇವನು ಗೆಳೆಯನನ್ನು ಪ್ರೊಫೆಸರ್ ಅಂತಿದ್ದ, ಅವನು ತಿರುಗಿ ಡಾಕ್ಟರ್ ಅಂದ. ಇಬ್ಬರೂ ಒಬ್ಬರಿಗೊಬ್ಬರು ಇಟ್ಟುಕೊಂಡ ಹೆಸರು, ಲೆಕ್ಕ ಚುಕ್ತಾ. 5 ಅಡಿ 3 ಇಂಚಿನ ಟೈರೋನ್ ಬೋಗ್ಸ್ ಎನ್‌ಬಿಎ ಇತಿಹಾಸದಲ್ಲೇ ಅತಿ ಗಿಡ್ಡ ಆಟಗಾರ. ಬಾಲ್ಟಿಮೋರಿನ ಗಲ್ಲಿಯ ಕೋರ್ಟಿನಲ್ಲಿ ಎದುರಾಳಿಯ ಕೈಯಿಂದ ಚೆಂಡು ಕಸಿದುಕೊಳ್ಳೋ ಚುರುಕಿಗೆ ಮಗ್ಸಿ ಅನ್ನಿಸಿಕೊಂಡ. ಗಮನಿಸಿ: ಹೆಸರು ಅವನ ಎತ್ತರದ ಮೇಲಲ್ಲ, ಅವನ ಕೈಚಳಕದ ಮೇಲೆ.

ಎತ್ತರದ ಮೇಲೆ ಹೆಸರು ಬಂದವರೂ ಇದ್ದಾರೆ. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದ ವಿಲ್ಟ್ ಚೇಂಬರ್ಲಿನ್ 7 ಅಡಿಗಿಂತ ಎತ್ತರ. ಪತ್ರಿಕೆಗಳು ಪ್ರಾಸ ಸಿಕ್ಕಿತು ಅಂತ ‘ವಿಲ್ಟ್ ದಿ ಸ್ಟಿಲ್ಟ್’ ಅಂದವು. ಸ್ಟಿಲ್ಟ್ ಅಂದರೆ ಮರಗಾಲು. ಅವರಿಗೆ ಆ ಹೆಸರು ಕಂಡರೆ ಆಗುತ್ತಿರಲಿಲ್ಲ. ಬದಲಿಗೆ ಚಿಕ್ಕಂದಿನ ಗೆಳೆಯರು ಕರೆದ ‘ಡಿಪ್ಪರ್’ ಇಷ್ಟ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾಗಿತ್ತಲ್ಲ, ಅದಕ್ಕೆ. ಬಿಗ್ ಡಿಪ್ಪರ್ ಅಂದರೆ ನಮ್ಮ ಸಪ್ತರ್ಷಿ ಮಂಡಲ ಕೂಡ. ಎರಡೂ ಹೆಸರು ಎತ್ತರದ ಬಗ್ಗೆಯೇ. ಒಂದು ಪರರು ಅಂಟಿಸಿದ್ದು, ಇನ್ನೊಂದು ಗೆಳೆಯರು ಕೊಟ್ಟದ್ದು. ಒಂದರಲ್ಲಿ ಅವರು ಕಟ್ಟಿಗೆ, ಇನ್ನೊಂದರಲ್ಲಿ ನಕ್ಷತ್ರ.

ಹೆಸರು ಆಯುಧವೂ ಆಗುತ್ತದೆ. ಯೂಟಾ ಜಾಝ್ ತಂಡದ ಕಾರ್ಲ್ ಮಲೋನ್‌ಗೆ ‘ಮೇಲ್‌ಮ್ಯಾನ್’ ಅಂತ ಹೆಸರು. ಟಪಾಲಿನವನ ಹಾಗೆ ಯಾವತ್ತೂ ತಲುಪಿಸುತ್ತಾನೆ ಅಂತ. 1997ರ ಜೂನ್ 1, ಎನ್‌ಬಿಎ ಫೈನಲ್ಸಿನ ಮೊದಲ ಪಂದ್ಯ. ಕೊನೆಯ ಸೆಕೆಂಡುಗಳು, ಸ್ಕೋರು ಸಮ, ಮಲೋನ್ ಕೈಯಲ್ಲಿ ಎರಡು ಫ್ರೀ ಥ್ರೋ. ಆವತ್ತು ಭಾನುವಾರ. ಶಿಕಾಗೊ ಬುಲ್ಸಿನ ಸ್ಕಾಟಿ ಪಿಪ್ಪೆನ್ ಹತ್ತಿರ ಬಂದು ಮೆಲ್ಲಗೆ ಹೇಳಿದ: ಭಾನುವಾರ ಟಪಾಲು ಬರೋದಿಲ್ಲ! ಮಲೋನ್ ಎರಡೂ ತಪ್ಪಿಸಿದ. ಮೈಕೆಲ್ ಜೋರ್ಡನ್ ಕೊನೆಯ ಬುಟ್ಟಿ ಹಾಕಿ ಗೆಲ್ಲಿಸಿದ. ಇಷ್ಟು ವರ್ಷ ಹೊಗಳಿಕೆಯಾಗಿದ್ದ ಹೆಸರು ಒಂದೇ ವಾಕ್ಯದಲ್ಲಿ ಕಾಲಿಗೆ ತೊಡಕಾಯಿತು.

ಜ್ಯಾಮ್, ಜೆಟ್ ಮತ್ತು ಎಕ್ಸ್‌ಪ್ರೆಸ್

ಈಗ ನಮ್ಮ ಮನೆಗೆ ಬರೋಣ. ಕರ್ನಾಟಕದ ಕ್ರಿಕೆಟಿಗರ ಹೆಸರುಗಳೂ ಕಡಿಮೆ ರುಚಿಯವಲ್ಲ.

ರಾಹುಲ್ ದ್ರಾವಿಡ್ ತಂದೆ ಕಿಸಾನ್ ಕಂಪನಿಯಲ್ಲಿದ್ದರು. ಜ್ಯಾಮ್ ಮಾಡೋ ಕಂಪನಿ. ಮಗ ‘ಜ್ಯಾಮಿ’ ಆದ. ಡ್ರೆಸಿಂಗ್ ರೂಮಿನ ಗೆಳೆಯರಿಗೆ ಅವರು ಈಗಲೂ ಜ್ಯಾಮಿಯೇ. ಊರಿಗೆಲ್ಲಾ ಗೊತ್ತಿರೋದು ‘ದಿ ವಾಲ್’. ಟೆಸ್ಟ್ ಕ್ರಿಕೆಟ್‌ನಲ್ಲಿ 31,258 ಎಸೆತ ಎದುರಿಸಿದವರಿಗೆ ಗೋಡೆ ಅನ್ನೋದು ನ್ಯಾಯವೇ. ಪತ್ರಿಕೆಯವರಿಗೆ ಅನುಕೂಲವೂ ಹೌದು. ನಿಂತರೆ ಗೋಡೆ ಗಟ್ಟಿ, ಔಟಾದರೆ ಗೋಡೆ ಬಿರುಕು. ಹೆಡ್‌ಲೈನ್ ರೆಡಿ!

ಅನಿಲ್ ಕುಂಬ್ಳೆ ‘ಜಂಬೊ’ ಆದದ್ದು ಹೇಗೆ? ಪಾದ ದೊಡ್ಡದು, ಅದಕ್ಕೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕುಂಬ್ಳೆಯವರೇ ಹೇಳಿದ ಕತೆ ಬೇರೆ. ದೆಹಲಿಯ ಕೋಟ್ಲಾ ಮೈದಾನದಲ್ಲಿ ಇರಾನಿ ಟ್ರೋಫಿ ಪಂದ್ಯ. ಒಂದೆರಡು ಎಸೆತ ಪುಟಿದು ಚಂಗನೆ ಎದ್ದವು. ಮಿಡ್ ಆನ್‌ನಲ್ಲಿದ್ದ ನವಜೋತ್ ಸಿಂಗ್ ಸಿಧು "ಜಂಬೊ ಜೆಟ್!" ಅಂತ ಕೂಗಿದರು. ಜೆಟ್ ಹಾರಿಹೋಯಿತು, ಜಂಬೊ ಉಳಿಯಿತು. ಅದೇ ಕೋಟ್ಲಾದಲ್ಲಿ 1999ರ ಫೆಬ್ರವರಿಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ ತೆಗೆದರು. ಒಟ್ಟು 619 ಟೆಸ್ಟ್ ವಿಕೆಟ್ ಬಂದ ಮೇಲೆ ಹೆಸರಿಗೂ ಅಳತೆ ಸರಿಹೊಂದಿತು.

ಇನ್ನು ಊರಿನ ಹೆಸರು ಹೊತ್ತವರು. ಜಾವಗಲ್ ಶ್ರೀನಾಥ್ ‘ಮೈಸೂರು ಎಕ್ಸ್‌ಪ್ರೆಸ್’, ವಿನಯ್ ಕುಮಾರ್ ‘ದಾವಣಗೆರೆ ಎಕ್ಸ್‌ಪ್ರೆಸ್’. ನಮ್ಮ ಕಡೆ ಓಡೋ ರೈಲಿನ ಹೆಸರೇ ಗೋಲಗುಂಬಜ್ ಎಕ್ಸ್‌ಪ್ರೆಸ್. ಆ ಹೆಸರಿಗೆ ತಕ್ಕ ಬೌಲರ್ ಇನ್ನೂ ಹುಟ್ಟಿಲ್ಲ ಅನ್ನೋದು ಶಾಲೆಯಲ್ಲಿ ನಮ್ಮ ದೊಡ್ಡ ಕೊರಗು.

ಕಬಡ್ಡಿಯಲ್ಲಂತೂ ಹೆಸರೇ ಆಟದ ಪಾಠ. ಪ್ರದೀಪ್ ನರ್ವಾಲ್ ‘ಡುಬ್ಕಿ ಕಿಂಗ್’. ಅಡ್ಡಗಟ್ಟಿದವರ ಕೈ ಕೆಳಗೆ ನೀರಲ್ಲಿ ಮುಳುಗಿದ ಹಾಗೆ ನುಸುಳಿ ಆಚೆ ಬರುತ್ತಿದ್ದರು. ಬೆಂಗಳೂರು ಬುಲ್ಸಿಗೆ ಆಡಿದ ಪವನ್ ಸೆಹ್ರಾವತ್ ‘ಹೈ ಫ್ಲೈಯರ್’. ಇವರು ಮೇಲಿನಿಂದ ಹಾರುತ್ತಾರೆ. 2019ರ ಜನವರಿಯಲ್ಲಿ ನಡೆದ ಫೈನಲ್ಲಿನಲ್ಲಿ ಒಬ್ಬರೇ 22 ರೇಡ್ ಪಾಯಿಂಟ್ ತಂದು ಬುಲ್ಸಿಗೆ ಮೊದಲ ಪ್ರೊ ಕಬಡ್ಡಿ ಕಪ್ ಕೊಟ್ಟರು. ಒಬ್ಬರು ಕೆಳಗೆ, ಒಬ್ಬರು ಮೇಲೆ. ಆಟ ನೋಡದವರಿಗೂ ಹೆಸರು ಕೇಳಿದರೆ ಅರ್ಧ ಆಟ ಅರ್ಥವಾಗುತ್ತದೆ.

ನಮ್ಮೂರಿಗೆ ಈ ಚಟ ಹೊಸದೇನಲ್ಲ ಬಿಡಿ. ಸಂಗೀತ ಅಂದರೆ ಪ್ರಾಣ ಬಿಡುತ್ತಿದ್ದ ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗೆ ‘ಜಗದ್ಗುರು’ ಅಂತ ಹೆಸರಿತ್ತು. ಬುರುಜಿನ ಮೇಲೆ ಕೂತ ತೋಪಿಗೂ ಹೆಸರುಂಟು, ಮಲಿಕ್-ಎ-ಮೈದಾನ್. ರಣರಂಗದ ಒಡೆಯ. ತೋಪಿಗೇ ಬಿರುದು ಕೊಟ್ಟ ಊರು ನಮ್ಮದು.

ನಮ್ಮ ಹುಡುಗಿಗೊಂದು ಹೆಸರು?

2017ರ ಜುಲೈ 15. ಇಂಗ್ಲೆಂಡಿನ ಡರ್ಬಿಯಲ್ಲಿ ಮಹಿಳಾ ವಿಶ್ವಕಪ್. ಸೆಮಿಫೈನಲ್ ತಲುಪಬೇಕಾದರೆ ನ್ಯೂಜಿಲೆಂಡನ್ನು ಸೋಲಿಸಲೇಬೇಕು. ಆವತ್ತು ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ 15 ರನ್ ಕೊಟ್ಟು 5 ವಿಕೆಟ್ ತೆಗೆದರು. ನಮ್ಮೂರ ಹುಡುಗಿ! ಆಫೀಸಿನಲ್ಲಿ ಕೂತು ಫೋನಿನಲ್ಲಿ ಸ್ಕೋರ್ ನೋಡುತ್ತಿದ್ದವನು ಮೀಟಿಂಗ್ ರೂಮಿನ ಹೊರಗೆ ಬಂದು ಕೂಗಿದ್ದು ನೆನಪಿದೆ.

ಅದೇ ತಿಂಗಳ ಕೊನೆಗೆ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್ಲಿನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಎರಡೇ ಪಾಯಿಂಟ್ ಅಂತರ. ಅಷ್ಟೊಂದು ಬಾಸ್ಕೆಟ್‌ಬಾಲ್ ಹುಚ್ಚಿದ್ದ ನನ್ನನ್ನು ಆ ತಂಡದ ಒಬ್ಬ ಆಟಗಾರ್ತಿಯ ಅಡ್ಡಹೆಸರು ಹೇಳು ಅಂದರೆ ತಲೆ ಕೆರೆದುಕೊಳ್ಳುತ್ತೇನೆ. ಅಮೆರಿಕದ ಆಟಗಾರರ ನಲವತ್ತು ಹೆಸರು ಬಾಯಿಪಾಠ, ನಾನಿರೋ ಊರಿನಲ್ಲೇ ಕಪ್ ಎತ್ತಿದವರದು ಒಂದೂ ಇಲ್ಲ.

ಹೆಸರು ಇಡಬೇಕಾದರೆ ನೋಡಬೇಕು. ಒಮ್ಮೆ ಅಲ್ಲ, ಮತ್ತೆ ಮತ್ತೆ ನೋಡಬೇಕು. ನಾವು ಹೆಣ್ಣುಮಕ್ಕಳ ಆಟವನ್ನು ಅಷ್ಟು ನೋಡಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಮಿಥಾಲಿ ರಾಜ್ ಅವರನ್ನು ಎಷ್ಟೋ ಕಾಲ ‘ಲೇಡಿ ಸಚಿನ್’ ಅಂದರು. ಅದು ಅವರ ಹೆಸರಲ್ಲ, ಸಾಲ ತಂದ ಹೆಸರು. ಅದಕ್ಕಿಂತ ಊರಿನ ಹೆಸರು ಎಷ್ಟೋ ವಾಸಿ. ಪಿ.ಟಿ. ಉಷಾ ‘ಪಯ್ಯೋಳಿ ಎಕ್ಸ್‌ಪ್ರೆಸ್’, ಹಿಮಾ ದಾಸ್ ‘ಧಿಂಗ್ ಎಕ್ಸ್‌ಪ್ರೆಸ್’, ಜೂಲನ್ ಗೋಸ್ವಾಮಿ ‘ಚಕ್ದಾಹಾ ಎಕ್ಸ್‌ಪ್ರೆಸ್’. ಜೂಲನ್ ಹುಡುಗಿಯಾಗಿದ್ದಾಗ ಅಭ್ಯಾಸಕ್ಕೆ ಚಕ್ದಾಹಾದಿಂದ ಕೋಲ್ಕತ್ತಾಗೆ ನಸುಕಿನ ರೈಲು ಹಿಡಿಯುತ್ತಿದ್ದರು. ಆ ಹೆಸರಿನಲ್ಲಿ ನಿಜವಾದ ರೈಲೊಂದು ಓಡುತ್ತಿದೆ.

ರಾಜೇಶ್ವರಿಯವರಿಗೆ ಎಕ್ಸ್‌ಪ್ರೆಸ್ ಒಪ್ಪೋದಿಲ್ಲ, ಅವರು ಸ್ಪಿನ್ನರ್. ಆದರೆ ಬೆನ್ನ ಮೇಲೆ ಬರೆದ ‘ಗಾಯಕವಾಡ’ ಇದೆಯಲ್ಲ, ಅದಕ್ಕೇ ಒಂದು ಕತೆ ಉಂಟು. ಬಡೋದೆಯ ಗಾಯಕವಾಡ ರಾಜಮನೆತನದಲ್ಲಿ ಹೇಳೋ ಪ್ರಕಾರ, ಅವರ ಪೂರ್ವಿಕನೊಬ್ಬ ಆಪತ್ತಿಗೆ ಸಿಕ್ಕ ಆಕಳುಗಳನ್ನು ಕವಾಡದೊಳಗೆ, ಅಂದರೆ ಬಾಗಿಲೊಳಗೆ, ಸೇರಿಸಿ ಕಾಪಾಡಿದ. ಗಾಯ್, ಕವಾಡ ಸೇರಿ ಗಾಯಕವಾಡ ಆಯಿತು. ನೋಡಿ, ಅಡ್ಡಹೆಸರಿನ ಎರಡೂ ಅರ್ಥ ಮತ್ತೆ ಒಂದೇ ಕಡೆ ಬಂದವು.

ನಗುತ್ತಿದ್ದವನಿಗೆ ಅರ್ಥ ಗೊತ್ತಾದಾಗ

ಇಲ್ಲಿಯವರೆಗೆ ಹೇಳಿದ್ದೆಲ್ಲಾ ಸಿಹಿ. ಇನ್ನೊಂದು ಕಡೆಯೂ ಇದೆ.

ವೆಸ್ಟ್ ಇಂಡೀಸ್ ನಾಯಕನಾಗಿ 2012 ಮತ್ತು 2016ರಲ್ಲಿ ಟಿ20 ವಿಶ್ವಕಪ್ ಗೆದ್ದವರು ಡ್ಯಾರೆನ್ ಸಾಮಿ. ಐಪಿಎಲ್ ಆಡುವಾಗ ಅವರನ್ನು ‘ಕಾಲೂ’ ಅಂತ ಕರೆಯುತ್ತಿದ್ದರು. ಬಲಶಾಲಿ ಕುದುರೆ ಅನ್ನೋ ಅರ್ಥ ಇರಬೇಕು ಅಂದುಕೊಂಡು ಅವರೂ ಖುಷಿಯಾಗಿದ್ದರು. ನಿಜವಾದ ಅರ್ಥ ತಿಳಿದದ್ದು ವರ್ಷಗಳ ಮೇಲೆ. 2020ರ ಜೂನಿನಲ್ಲಿ ಅದನ್ನು ಬಹಿರಂಗವಾಗಿ ಹೇಳಿ, ಕರೆದವರು ತನ್ನ ಜೊತೆ ಮಾತಾಡಲಿ ಅಂದರು. ಆಮೇಲೆ ಒಬ್ಬ ಆಟಗಾರ ಮಾತಾಡಿದರು, ಪ್ರೀತಿಯಿಂದಲೇ ಕರೆದದ್ದು ಅಂದರು, ಸಾಮಿ ಅದನ್ನು ನಂಬಿದರು. ಆದರೆ ನಗುತ್ತಾ ಕಳೆದ ಅಷ್ಟು ದಿನಗಳನ್ನು ಅವರು ಮತ್ತೊಮ್ಮೆ ನೆನಪು ಮಾಡಿಕೊಂಡು, ಯಾರು ಯಾಕೆ ನಕ್ಕರು ಅಂತ ಲೆಕ್ಕ ಹಾಕಬೇಕಾಯಿತು.

ನಮ್ಮವರಿಗೂ ಇದು ತಪ್ಪಿದ್ದಲ್ಲ. ತಮಿಳುನಾಡಿನ ಅಭಿನವ್ ಮುಕುಂದ್ ಭಾರತ ತಂಡದಲ್ಲಿದ್ದಾಗಲೇ, 2017ರ ಆಗಸ್ಟಿನಲ್ಲಿ, ಚಿಕ್ಕಂದಿನಿಂದ ತನ್ನ ಮೈಬಣ್ಣದ ಬಗ್ಗೆ ಕೇಳಿದ ಮಾತುಗಳನ್ನು ಬರೆದರು. ಕರ್ನಾಟಕದ ವೇಗಿ ದೊಡ್ಡ ಗಣೇಶ್ ಆಮೇಲೊಮ್ಮೆ ಅದನ್ನು ನೆನೆದು, ತಾನೂ ಆಡುವ ದಿನಗಳಲ್ಲಿ ಅಂಥ ಮಾತು ಕೇಳಿದ್ದೇನೆ ಅಂದರು. ಭಾರತಕ್ಕೆ ಟೆಸ್ಟ್ ಆಡಿದವರಿಗೇ ಹೀಗಾದರೆ, ಶಾಲೆಯ ಹಿಂದಿನ ಕೋರ್ಟಿನಲ್ಲಿ?

ಹಾಗಾದರೆ ಬಣ್ಣದ ಮೇಲೆ ಬಂದ ಹೆಸರೆಲ್ಲಾ ಕೆಟ್ಟದ್ದೇ? ಫಿಲಡೆಲ್ಫಿಯಾ ತಂಡದ ಡ್ಯಾರಿಲ್ ಡಾಕಿನ್ಸ್ ‘ಚಾಕೊಲೇಟ್ ಥಂಡರ್’ ಅಂತ ಪ್ರಸಿದ್ಧ. ಇಟ್ಟವರು ಗಾಯಕ ಸ್ಟೀವಿ ವಂಡರ್ ಅಂತ ಡಾಕಿನ್ಸ್ ಹೇಳುತ್ತಿದ್ದರು. ಸ್ಟೀವಿಗೆ ಕಣ್ಣು ಕಾಣೋದಿಲ್ಲ. ಪಕ್ಕದಲ್ಲಿ ಕೂತವರು ಆಟ ವಿವರಿಸುತ್ತಿದ್ದರು, ಇವರು ಕೇಳುತ್ತಿದ್ದರು. ಗುಡುಗು ಕೇಳಿದ ಮೇಲೆ ಬಂದ ಹೆಸರು ಅದು. ಡಾಕಿನ್ಸ್ ಅದನ್ನು ಹಾರದ ಹಾಗೆ ಹಾಕಿಕೊಂಡು ಮೆರೆದರು. 1979ರಲ್ಲಿ ಚೆಂಡು ಅಪ್ಪಳಿಸಿ ಗಾಜಿನ ಹಲಗೆಯನ್ನೇ ಪುಡಿ ಮಾಡಿದಾಗ ಆ ಡಂಕಿಗೆ ಒಂದು ಮಾರುದ್ದದ ಹೆಸರನ್ನು ತಾವೇ ಇಟ್ಟರು, ಅದರಲ್ಲಿ ಚಾಕೊಲೇಟ್ ಥಂಡರೂ ಇತ್ತು. ಕೊಟ್ಟವನೂ ಕಪ್ಪು ಮನುಷ್ಯ, ತೊಟ್ಟವನೂ ಕಪ್ಪು ಮನುಷ್ಯ. ತೊಟ್ಟವನು ಬೇಕು ಅಂತಲೇ ತೊಟ್ಟ.

ನಮ್ಮ ಐದನೆಯ ಗೆಳೆಯನಿಗೆ ಆ ಅವಕಾಶ ನಾನು ಕೊಡಲಿಲ್ಲ.

ನಾನಿಟ್ಟ ಹೆಸರು

ಒಂಬತ್ತನೇ ಕ್ಲಾಸು. ಶಾಲೆಯ ಮುಂದೆ ರಸ್ತೆ ಕೆಲಸ ನಡೆಯುತ್ತಿತ್ತು. ಪೀಪಾಯಿಯಲ್ಲಿ ಡಾಂಬರು ಕುದಿಯೋ ವಾಸನೆ ಕೋರ್ಟಿನ ತನಕ ಬರುತ್ತಿತ್ತು. ಆಟ ಮುಗಿಸಿ ಬೆವರಿನಲ್ಲಿ ಮಿಂಚುತ್ತಾ ಬಂದ ಅವನನ್ನು ನೋಡಿ ನಾನು ಅಂದೆ: "ಏ ಡಾಂಬರ, ನೀರ್ ಕೊಡೋ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಆ ನಗೆಯನ್ನೇ ನಾನು ಒಪ್ಪಿಗೆ ಅಂದುಕೊಂಡೆ.

ಒಂದು ತಿಂಗಳಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಹತ್ತನೇ ಕ್ಲಾಸಿನಲ್ಲಿ ಬೇರೆ ಶಾಲೆಯ ಜೊತೆ ಪಂದ್ಯ. ನಾವು ಆಟದ ಮಧ್ಯೆ "ಡಾಂಬರ, ಇಲ್ಲಿ ಪಾಸ್ ಮಾಡು" ಅಂತ ಕೂಗಿದ್ದನ್ನು ಎದುರಿನವರು ಕೇಳಿಸಿಕೊಂಡರು. ಕೊನೆಗೆ ಅವನು ಫ್ರೀ ಥ್ರೋ ಗೆರೆಯ ಮೇಲೆ ನಿಂತಾಗ ಆ ಶಾಲೆಯ ಹುಡುಗರೆಲ್ಲಾ ಚಪ್ಪಾಳೆ ತಟ್ಟುತ್ತಾ ಒಂದೇ ರಾಗದಲ್ಲಿ ಶುರು ಮಾಡಿದರು: "ಡಾಂ-ಬರ, ಡಾಂ-ಬರ." ಎರಡೂ ಚೆಂಡು ರಿಂಗಿಗೆ ಬಡಿದು ಹೊರಗೆ ಬಿದ್ದವು. ಸೋತೆವು.

ಮುಂದಿನ ವಾರದಿಂದ ಅವನು ಕೋರ್ಟಿಗೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಓದು ಅಂದುಕೊಂಡೆವು. "ಸೋತದ್ದಕ್ಕ ಅಂಜಿ ಬಿಟ್ಟ" ಅಂತ ನಾನೇ ನಾಲ್ಕು ಜನಕ್ಕೆ ಹೇಳಿದ್ದೂ ಉಂಟು. ಮಲೋನ್ ಕತೆ ಓದಿ ಪಿಪ್ಪೆನ್ನನ ಜಾಣ್ಮೆಗೆ ಭಲೇ ಅಂದಿದ್ದೇನೆ. ನಮ್ಮ ಕೋರ್ಟಿನಲ್ಲಿ ಎದುರಾಳಿಗೆ ಆಯುಧ ಮಾಡಿ ಕೊಟ್ಟವನು ನಾನೇ ಅನ್ನೋದು ಬಹಳ ದಿನ ಹೊಳೆಯಲೇ ಇಲ್ಲ.

ಭೂತನಾಳದ ಏರಿ ಮೇಲೆ

ಕಳೆದ ಸಲ ಹಬ್ಬಕ್ಕೆ ಊರಿಗೆ ಹೋದಾಗ ಬೆಳಿಗ್ಗೆ ಭೂತನಾಳ ಕೆರೆ ಕಡೆ ನಡೆದುಕೊಂಡು ಹೋಗಿದ್ದೆ. ಹೆಸರು ಕೇಳಿ ಬೆಂಗಳೂರಿನ ಗೆಳೆಯರು ಹೆದರುತ್ತಾರೆ, ಆದರೆ ಇಷ್ಟು ತಂಪಾದ ಜಾಗ ವಿಜಯಪುರದ ಸುತ್ತ ಕಡಿಮೆ. ಕೋಟಿ ವೃಕ್ಷ ಅಭಿಯಾನದ ಗಿಡಗಳು ಈ ಕಡೆ ಈಗ ಕಾಡಿನ ಹಾಗೆ ಎದ್ದಿವೆ. ಸೈಕ್ಲಿಂಗ್ ಹುಚ್ಚಿನ ನಮ್ಮ ಊರಿಗೆ ವೆಲೊಡ್ರೋಮ್ ಬಂದದ್ದೂ ಈ ಕಡೆಗೇ. ಬೆಳಿಗ್ಗೆ ಓಡುವವರು, ಸೈಕಲ್ ತುಳಿಯುವವರು, ಶುಗರ್ ಇಳಿಸಿಕೊಳ್ಳೋ ಹಿರಿಯರು.

ಏರಿ ಮೇಲೆ ಏಳೆಂಟು ಮಕ್ಕಳನ್ನು ಓಡಿಸುತ್ತಾ ಒಬ್ಬ ನಿಂತಿದ್ದ. ಕೊರಳಲ್ಲಿ ಸೀಟಿ. ನನ್ನನ್ನು ನೋಡಿ, "ಒಂಟಿ! ಗುರ್ತ ಹತ್ತಿತೇನು?" ಅಂದ.

ಬಾಯಿಗೆ ಬಂದದ್ದು ಆ ಹೆಸರೇ. ಗಂಟಲಲ್ಲೇ ಹಿಡಿದೆ. ನಿಜವಾದ ಹೆಸರು ನೆನಪಾಗಲು ನಾಲ್ಕೈದು ಸೆಕೆಂಡು ಬೇಕಾಯಿತು. ಅಷ್ಟೂ ಹೊತ್ತು ಅವನು ಸುಮ್ಮನೆ ನೋಡುತ್ತಾ ನಿಂತ.

ತಿಕೋಟಾ ಕಡೆ ದ್ರಾಕ್ಷಿ ತೋಟ ಮಾಡಿದ್ದಾನಂತೆ. ಭಾನುವಾರ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾನೆ, ರೊಕ್ಕ ತಗೊಳ್ಳದೇ. ಕಲ್ಲಿನ ಮೇಲೆ ಕೂತೆವು. ನಾನೇ ಮಾತು ತೆಗೆದೆ. ಅವನು ಕೆರೆ ನೋಡುತ್ತಾ ಹೇಳಿದ:

"ಆವಾಗ ಮನ್ಯಾಗ ಅಕ್ಕಗ ವರ ನೋಡಾಕತ್ತಿದ್ರು. ಹುಡುಗಿ ಕಪ್ಪ ಅಂತ ಹೇಳಿ ಎರಡು ಮನಿಯವ್ರು ಹೊಳ್ಳಿ ಹೋಗಿದ್ರು. ಮನ್ಯಾಗ ಅದ ಮಾತು. ಸಾಲಿಗಿ ಬಂದ್ರ ನೀ ಅದನ್ನ ಹಾಡು ಮಾಡಿದ್ದಿ. ಎಲ್ಲಿ ಹೋಗ್ಲಿ ನಾ?"

"ನನಗೂ ಒಂಟಿ ಅಂತಿದ್ರಲ್ಲೋ" ಅಂದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

"ಒಂಟಿ ಅಂದ್ರ ನೀ ಎತ್ತರ ಅದಿ ಅಂತ. ಎತ್ತರ ಈ ಆಟಕ್ಕ ಬೇಕಾಗೂದು. ನನ್ನ ಕರದದ್ದು ಆಟಕ್ಕ ಸಂಬಂಧನ ಇರ್ಲಿಲ್ಲ. ನಾ ಶೂಟ್ ಮಾಡೂದು ನೋಡಿ ಒಂದ್ ಹೆಸರು ಇಡಬಹುದಿತ್ತಲ್ಲ? ಯಾರೂ ನೋಡ್ಲೇ ಇಲ್ಲ."

"ತಪ್ಪಾತೋ" ಅಂದೆ. "ಹೂಂ" ಅಂದ. ಅಷ್ಟೇ. ಅಪ್ಪಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಸೀಟಿ ಊದಿದ.

ಅವನ ಮಕ್ಕಳಿಗೂ ಅಡ್ಡಹೆಸರುಗಳಿವೆ. ಅದನ್ನು ಅವನು ನಿಲ್ಲಿಸಿಲ್ಲ. "ಹೆಸರಿಲ್ಲದ ತಂಡ ತಂಡ ಅನಸೂದಿಲ್ಲ" ಅಂತಾನೆ. ಆದರೆ ಅವನ ಕೋರ್ಟಿನಲ್ಲಿ ಮೂರು ನಿಯಮ. ಮೈಬಣ್ಣ, ಜಾತಿ, ಅಪ್ಪನ ಕೆಲಸ ಇವುಗಳ ಮೇಲೆ ಹೆಸರು ಇಡಬಾರದು. ಆಟ ನೋಡಿ ಇಡಬೇಕು. ಇಡಿಸಿಕೊಂಡವರಿಗೆ ಯಾವಾಗ ಬೇಕಾದರೂ ವಾಪಸ್ ಕೊಡೋ ಹಕ್ಕಿದೆ, ಕಾರಣ ಹೇಳಬೇಕಿಲ್ಲ.

ಒಬ್ಬಳು ಸಣ್ಣ ಹುಡುಗಿ, "ಪಾಸ್!" ಅಂತ ಕೂಗಿದರೆ ಕೆರೆಯ ಆಚೆ ದಡಕ್ಕೂ ಕೇಳಬೇಕು. ಅವಳ ಹೆಸರು ಗುಮ್ಮಟ. ಗೋಲಗುಂಬಜಿನಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದಲ್ಲ, ಅದಕ್ಕೆ. "ನಿನಗ ಸೇರ್ತದೇನವ್ವಾ ಆ ಹೆಸರು?" ಅಂತ ಕೇಳಿದೆ. ಟಿ-ಶರ್ಟಿನ ಬೆನ್ನು ತಿರುಗಿಸಿ ತೋರಿಸಿದಳು. ಸ್ಕೆಚ್ ಪೆನ್ನಿನಲ್ಲಿ ತಾನೇ ಬರೆದುಕೊಂಡಿದ್ದಳು.

ನಿಮ್ಮ ಗುಂಪಿನಲ್ಲಿ?

ಇದು ಬರೀ ಶಾಲೆಯ ಮಾತಲ್ಲ. ಆಫೀಸಿನಲ್ಲಿ, ಫ್ಲಾಟಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾವೆಲ್ಲಾ ಹೆಸರು ಇಡುತ್ತಲೇ ಇದ್ದೇವೆ. ಕಾಲೇಜುಗಳ ರ‍್ಯಾಗಿಂಗ್ ತಡೆ ನಿಯಮಕ್ಕೆ ಯುಜಿಸಿ 2016ರಲ್ಲಿ ತಿದ್ದುಪಡಿ ತಂದು, ಬಣ್ಣ, ಜಾತಿ, ಲಿಂಗ, ಊರು ಇತ್ಯಾದಿ ಹಿಡಿದು ಮಾನಸಿಕವಾಗಿ ಹಿಂಸಿಸೋದೂ ರ‍್ಯಾಗಿಂಗೇ ಅಂತ ಸೇರಿಸಿತು. ಆದರೆ ಗೆಳೆತನದ ನಡುವೆ ನಿಯಮದ ಪುಸ್ತಕ ತೆಗೆಯೋ ಪ್ರಸಂಗ ಬರೋದೇ ಕಡಿಮೆ. ನೋವಾದವನು ನಗುತ್ತಾನೆ, ಆಮೇಲೆ ಬರೋದು ನಿಲ್ಲಿಸುತ್ತಾನೆ.

ಅದಕ್ಕೇ ನನಗೆ ಅವನ ಮೂರನೇ ನಿಯಮ ಬಹಳ ಹಿಡಿಸಿತು. ಕೇಳೋದಕ್ಕೆ ಒಂದು ನಿಮಿಷ ಸಾಕು: "ಹಿಂಗ ಕರದ್ರ ನಡೀತದೇನು?" ಅವರ ಉತ್ತರಕ್ಕಿಂತ ಮುಂಚೆ ಮುಖ ನೋಡಿ. ಅಲ್ಲೇ ಗೊತ್ತಾಗುತ್ತದೆ.

ಆವತ್ತು ಹೊರಡುವಾಗ ನಾನು ಫೋನ್ ತೆಗೆದು ನಂಬರ್ ಕೇಳಿದೆ. "ಐತಲ್ಲ ನಿನ್ನ ಹಂತ್ಯಾಕ. ಸಾಲಿ ಗ್ರೂಪಿನ್ಯಾಗ ಅದೀನಲ್ಲ" ಅಂದ. ಹುಡುಕಿದೆ. ಇತ್ತು. ‘ಡಾಂಬರ’ ಅಂತ ಸೇವ್ ಆಗಿತ್ತು. ಪಕ್ಕದಲ್ಲೇ ನಿಂತಿದ್ದ, ಪರದೆ ಅವನಿಗೂ ಕಂಡಿತು. ಏನೂ ಅನ್ನಲಿಲ್ಲ. ಎಡಿಟ್ ಒತ್ತಿ ಅವನ ಪೂರ್ತಿ ಹೆಸರು ಹಾಕಿದೆ, ಜೊತೆಗೆ ಮನೆತನದ ಹೆಸರೂ. ಅದರ ಅಕ್ಷರ ಸರಿಯಾಗಿ ಬರೆಯಲು ಅವನನ್ನೇ ಕೇಳಬೇಕಾಯಿತು.

ಇಲ್ಲಿ ಆ ಹೆಸರು ಬರೆದಿಲ್ಲ, ಅವನೇ ಬೇಡ ಅಂದ. ಶಾಲೆಯ ಗುಂಪಿನಲ್ಲಿ ಇನ್ನೂ ನಾಲ್ಕೈದು ಜನ ಅವನನ್ನು ಹಳೇ ಹೆಸರಿನಿಂದಲೇ ಕರೆಯುತ್ತಾರೆ. ಅವರಿಗೂ ಹೇಳಬೇಕು. ಹೇಳಿದರೆ, "ಏನಪಾ ಒಂಟಿ, ಬೆಂಗಳೂರಿಗಿ ಹೋಗಿ ಭಾಳ ಶಾಣ್ಯಾ ಆದಿ" ಅಂತಾರೆ.

ಅನ್ನಲಿ. ಒಂಟಿ ಅನ್ನೋದು ನನಗೆ ನಡೆಯುತ್ತದೆ.